ಮೊದಲು ಗೋಡೆ ನೋಡಿರಿ, ಆಮೇಲೆ ಮಷಿನ್ ನೋಡಿರಿ



ಈ ಪಾಠದಲ್ಲಿ ಕರೆಂಟಿನಿಂದ ನಡೆಯುವ ಒಂದು ಸಾಮಾನಿನ ಬಗ್ಗೆ ತಿಳಿಯೋಣ. ಅದು ಗೋಡೆಗೆ ತೂತು ಹಾಕುವ ಮಷಿನ್. ಅದಕ್ಕೆ ಡ್ರಿಲ್ ಮಷಿನ್ ಎಂದು ಹೆಸರು.

"ಅದು ಗಂಡಸರ ಸಾಮಾನು. ನಮಗ್ಯಾಕ ಬೇಕು?" ಎಂದು ಕೆಲವರು ಕೇಳುತ್ತಾರೆ. ಸ್ವಲ್ಪ ವಿಚಾರ ಮಾಡಿರಿ. ಭಾಂಡೆ ಇಡುವ ಹಲಗೆ ಯಾರಿಗೆ ಬೇಕು? ಬಟ್ಟೆ ಒಣ ಹಾಕುವ ಹಗ್ಗ ಯಾರಿಗೆ ಬೇಕು? ಮಗುವಿನ ತೊಟ್ಟಿಲು ತೂಗುವವರು ಯಾರು? ಮನೆಯ ಗೋಡೆಯ ಜೊತೆ ದಿನಾ ಕೆಲಸ ಇರುವುದು ನಮಗೇ. ಸಂಘದಲ್ಲಿ ರೊಕ್ಕ ಉಳಿಸುವವರೂ ನಾವೇ. ಅಂದಮೇಲೆ ಈ ಸಾಮಾನು ಆರಿಸುವುದನ್ನೂ ನಾವು ಕಲಿಯಬೇಕು.

ಬನ್ನಿರಿ, ಓದೋಣ.

ಮೂವರ ಪ್ರಶ್ನೆ

ರೋಣದಲ್ಲಿ ಒಂದು ದಿನ ಕಲಿಕೆಯ ಕೂಟ ಇತ್ತು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ಹೆಣ್ಣುಮಕ್ಕಳು ಬಂದಿದ್ದರು. ಮಧ್ಯಾಹ್ನ ರೊಟ್ಟಿ ಉಂಡು ಕಟ್ಟೆಯ ಮೇಲೆ ಕೂತಾಗ ಮಾತು ಶುರುವಾಯಿತು.

ರೋಣದ ಅಕ್ಕ ಹೇಳಿದಳು: "ಅಕ್ಕೋರ, ನಮ್ಮದು ಇಟ್ಟಂಗಿ ಗ್ವಾಡಿ. ಸಿಮೆಂಟ್ ಗಿಲಾವ್ ಮಾಡೇವಿ. ಮ್ಯಾಲೆ ಸ್ಲ್ಯಾಬ್ ಐತಿ. ಮೊಳಿ ಹೊಡದ್ರ ಮೊಳಿ ಸೊಟ್ಟ ಆಗತೈತಿ, ಗಿಲಾವ್ ಉದರತೈತಿ. ಮಗಳು ಬಾಣಂತನಕ್ಕ ಬಂದಾಳ. ಹಲಗಿ ಹಾಕಬೇಕು, ಕೂಸಿಗೆ ತೊಟ್ಟಿಲಾ ಕಟ್ಟಬೇಕು. ಮಷಿನ್ ತಗೋಬೇಕು ಅಂತೀನಿ. ಯಾವುದು ತಗೋಳ್ಳಿ?"

ನರಗುಂದದ ಅವ್ವ ಹೇಳಿದಳು: "ನಮ್ಮದು ಎರಿ ಮಣ್ಣಿನ ಸೀಮಿ. ಮನಿ ಹಳೇದು, ಮಣ್ಣಿನ ಗ್ವಾಡಿ, ಮಣ್ಣಿನ ಮಾಳಿಗಿ. ಭಾಂಡೆ ಇಡಾಕ ಹಲಗಿ ಬೇಕು. ಮಗ ದೊಡ್ಡ ಮಷಿನ್ನ ತರತೀನಿ ಅಂತಾನ."

ಗಜೇಂದ್ರಗಡದ ತಂಗಿ ಹೇಳಿದಳು: "ನಾ ಮಗ್ಗದಾಗ ಸೀರಿ ನೇಯ್ತೀನ್ರೀ. ನಮ್ಮ ಮನಿ ಕಲ್ಲಿಂದು. ಮಗ್ಗದ ಮ್ಯಾಲೆ ಒಂದು ಲೈಟ್ ಕೂಡಿಸಬೇಕು. ಕತ್ತಲಾಗ ಎಳಿ ಕಾಣೂದಿಲ್ಲ. ಎಳಿ ತಪ್ಪಿದ್ರ ಕೂಲಿ ಹೋಗತೈತಿ."

ಮೂವರೂ ಒಂದೇ ಮಾತು ಕೇಳಿದರು: "ಯಾವ ಮಷಿನ್ ಚಲೋ?"

ನಾವು ಹೇಳಿದೆವು: "ಮಷಿನ್ ಆಮೇಲೆ ನೋಡೋಣ. ಮೊದಲು ನಿಮ್ಮ ಗೋಡೆ ನೋಡೋಣ."

ಈ ಮಷಿನ್ ಹೇಗೆ ಕೆಲಸ ಮಾಡುತ್ತದೆ?

ಬೀಸುಕಲ್ಲು ತಿರುಗುತ್ತದೆ. ಒನಕೆ ಕುಟ್ಟುತ್ತದೆ. ಡ್ರಿಲ್ ಮಷಿನ್ನಿನಲ್ಲಿ ಎರಡು ಜಾತಿ ಇವೆ.

ಒಂದು, ಬರೀ ತಿರುಗುವ ಮಷಿನ್. ಅದು ಬೀಸುಕಲ್ಲಿನ ಹಾಗೆ. ಕಟ್ಟಿಗೆಗೆ, ಕಬ್ಬಿಣದ ತಗಡಿಗೆ ಅದು ಸಾಕು.

ಇನ್ನೊಂದು, ತಿರುಗುತ್ತಾ ಕುಟ್ಟುವ ಮಷಿನ್. ಅದಕ್ಕೆ ಇಂಪ್ಯಾಕ್ಟ್ ಡ್ರಿಲ್ ಎಂದು ಹೆಸರು. ಅದರ ಹೊಟ್ಟೆಯೊಳಗೆ ಹಲ್ಲು ಇರುವ ಎರಡು ಬಿಲ್ಲೆಗಳಿವೆ. ಒಂದರ ಹಲ್ಲಿನ ಮೇಲೆ ಇನ್ನೊಂದರ ಹಲ್ಲು ಹತ್ತಿ ಇಳಿಯುತ್ತದೆ. ಹತ್ತಿ ಇಳಿದಾಗಲೆಲ್ಲ ಮುಂದಿನ ಬಿಟ್ ಗೋಡೆಯನ್ನು ಕುಟ್ಟುತ್ತದೆ. ಒಂದು ನಿಮಿಷಕ್ಕೆ ಸಾವಿರಾರು ಸಲ ಹೀಗೆ ಆಗುತ್ತದೆ. ಪೆಟ್ಟು ಸಣ್ಣದು, ಆದರೆ ಬಹಳ.

ಮಷಿನ್ನಿನ ಮೇಲೆ ಒಂದು ಗುಂಡಿ ಇರುತ್ತದೆ. ಅದರ ಒಂದು ಕಡೆ ಸುತ್ತಿಗೆಯ ಚಿತ್ರ. ಇನ್ನೊಂದು ಕಡೆ ಬಿಟ್ಟಿನ ಚಿತ್ರ. ಸುತ್ತಿಗೆಯ ಕಡೆ ಸರಿಸಿದರೆ ಕುಟ್ಟುತ್ತದೆ. ಬಿಟ್ಟಿನ ಕಡೆ ಸರಿಸಿದರೆ ಬರೀ ತಿರುಗುತ್ತದೆ. ಹಾಗಾಗಿ ಇದೊಂದು ಮಷಿನ್ ಇದ್ದರೆ ಗೋಡೆಗೂ ಆಯಿತು, ಕಟ್ಟಿಗೆಗೂ ಆಯಿತು.

ಇದಕ್ಕಿಂತ ದೊಡ್ಡದು ಮತ್ತೊಂದು ಇದೆ. ಅದು ರೋಟರಿ ಹ್ಯಾಮರ್. ಅದರೊಳಗೆ ಸೈಕಲ್ ಪಂಪಿನ ಹಾಗೆ ಗಾಳಿ ಒತ್ತುವ ಕೊಳವೆ ಇರುತ್ತದೆ. ಅದರ ಪೆಟ್ಟು ದೊಡ್ಡದು. ಗಟ್ಟಿ ಕಲ್ಲು ಮತ್ತು ಸ್ಲ್ಯಾಬಿನ ಕೆಲಸಕ್ಕೆ ಗೌಂಡಿಗಳು ಅದನ್ನು ಬಳಸುತ್ತಾರೆ. ಅದು ತೂಕವೂ ಜಾಸ್ತಿ, ಕಿಮ್ಮತ್ತೂ ಜಾಸ್ತಿ. ಮನೆಯ ಸಣ್ಣ ಕೆಲಸಕ್ಕೆ ಅದು ಬೇಕಿಲ್ಲ.

ಕೈಯಲ್ಲಿ ಹಿಡಿಯುವ ಕರೆಂಟ್ ಡ್ರಿಲ್ ಹೊಸದೇನೂ ಅಲ್ಲ. ಜರ್ಮನಿ ದೇಶದ ಫೈನ್ ಎಂಬ ಕಂಪನಿ 1895ರಲ್ಲಿ ಇದನ್ನು ಮಾಡಿತು. ಆಗ ಅದು ಬಹಳ ಭಾರ ಇತ್ತು. ಪಿಸ್ತೂಲಿನ ಹಾಗೆ ಹಿಡಿಕೆ, ಬೆರಳಿನಿಂದ ಒತ್ತುವ ಗುಂಡಿ ಇರುವ ಮಷಿನ್ನಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ 1917ರಲ್ಲಿ ಹಕ್ಕುಪತ್ರ ಪಡೆಯಿತು. ಈಗ ನಮ್ಮ ಅಂಗಡಿಗಳಲ್ಲಿ ಇರುವುದು ಅದೇ ನಮೂನೆ.

ಗೋಡೆಯನ್ನು ಓದುವುದು ಹೇಗೆ?

ಅಕ್ಷರ ಓದಿದ ಹಾಗೆ ಗೋಡೆಯನ್ನೂ ಓದಬಹುದು. ತೂತು ಹಾಕಿದಾಗ ಉದುರುವ ಪುಡಿ ನೋಡಿರಿ.

ಕೆಂಪು ಪುಡಿ ಬಂದರೆ ಒಳಗೆ ಇಟ್ಟಂಗಿ ಇದೆ. ಬೂದಿ ಬಣ್ಣದ ಪುಡಿ ಬಂದರೆ ಸಿಮೆಂಟ್ ಅಥವಾ ಕಾಂಕ್ರೀಟ್ ಇದೆ. ಬರೀ ಮಣ್ಣು ಬಂದರೆ ಮಣ್ಣಿನ ಗೋಡೆ. ಬಿಟ್ ಮುಂದೆ ಹೋಗದೆ ಬಿಸಿಯಾದರೆ ಗಟ್ಟಿ ಕಲ್ಲು ಅಥವಾ ಕಬ್ಬಿಣದ ಸರಳು ಸಿಕ್ಕಿದೆ.

ಇಟ್ಟಂಗಿ ಗೋಡೆಗೆ ಇಂಪ್ಯಾಕ್ಟ್ ಡ್ರಿಲ್ ತಕ್ಕದ್ದು. ತೂತು ಬೇಗ ಬೀಳುತ್ತದೆ. ಗಿಲಾವಿಗಿಂತ ಒಳಗೆ, ಇಟ್ಟಂಗಿಯವರೆಗೆ ತೂತು ಹೋಗಬೇಕು. ಬರೀ ಗಿಲಾವಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ.

ಕಾಂಕ್ರೀಟ್ ಕಂಬ, ಕಿಟಕಿಯ ಮೇಲಿನ ತೊಲೆ, ಸ್ಲ್ಯಾಬ್ ಇವು ಬಹಳ ಗಟ್ಟಿ. ಒಂದೆರಡು ಸಣ್ಣ ತೂತು ಈ ಮಷಿನ್ನಿನಿಂದ ಆಗಬಹುದು. ಬಹಳ ತೂತು ಬೇಕಾದರೆ ದೊಡ್ಡ ಮಷಿನ್ನೇ ಬೇಕು. ಸರಳು ತಗುಲಿದರೆ ಅಲ್ಲಿಯೇ ನಿಲ್ಲಿಸಿರಿ. ಸ್ವಲ್ಪ ಬದಿಗೆ ಸರಿದು ಬೇರೆ ತೂತು ಹಾಕಿರಿ.

ಮಣ್ಣಿನ ಗೋಡೆಗೆ ಕುಟ್ಟುವ ಮಷಿನ್ ಬೇಡವೇ ಬೇಡ. ಕುಟ್ಟಿದರೆ ಮಣ್ಣು ಸಡಿಲಾಗುತ್ತದೆ. ಇನ್ನೊಂದು ಮಾತು ನೆನಪಿಡಿರಿ. ನರಗುಂದದ ಕಡೆ ಎರೆ ಮಣ್ಣು. ಅದು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ಬಿರುಕು ಬಿಡುತ್ತದೆ. ಬಿರುಕಿನ ಹತ್ತಿರ ಕುಟ್ಟಬಾರದು. 2019ರ ಆಗಸ್ಟಿನಲ್ಲಿ ಮಲಪ್ರಭಾ ಹೊಳೆ ತುಂಬಿ ಬಂತು. ನರಗುಂದ ಮತ್ತು ರೋಣ ತಾಲೂಕುಗಳ ಹೊಳೆದಂಡೆಯ ಊರುಗಳಲ್ಲಿ ಎಷ್ಟೋ ಮನೆಗಳು ಬಿದ್ದವು. ನೀರಲ್ಲಿ ನೆನೆದ ಗೋಡೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಸಡಿಲು ಇರಬಹುದು. ಅಂಥ ಗೋಡೆಗೆ ಗೌಂಡಿಯನ್ನು ಕೇಳದೆ ಕೈ ಹಚ್ಚಬೇಡಿರಿ.

ಕಲ್ಲಿನ ಗೋಡೆಗೆ ತಾಳ್ಮೆ ಬೇಕು. ಮೆತ್ತನೆಯ ಕಲ್ಲು ಇದ್ದರೆ ಇಂಪ್ಯಾಕ್ಟ್ ಡ್ರಿಲ್ ನಡೆಯುತ್ತದೆ. ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡ ಬಿಟ್ ಹಾಕಬೇಕು. ನಡುನಡುವೆ ಬಿಟ್ ಹೊರಗೆ ತೆಗೆದು ಆರಲು ಬಿಡಬೇಕು. ಕರೀ ಗಟ್ಟಿ ಕಲ್ಲು ಇದ್ದರೆ ರೋಟರಿ ಹ್ಯಾಮರ್ ಬೇಕು.

ಮಷಿನ್ನಿನ ಹಣೆಬರಹ

ನಮ್ಮ ಹಣೆಬರಹ ನಮಗೆ ಕಾಣುವುದಿಲ್ಲ. ಆದರೆ ಮಷಿನ್ನಿನ ಹಣೆಬರಹ ಅದರ ಮೈಮೇಲೆಯೇ ಬರೆದಿರುತ್ತದೆ. ಒಂದು ಸಣ್ಣ ಪಟ್ಟಿ ಅಂಟಿಸಿರುತ್ತಾರೆ. ಇಂಗ್ಲಿಷ್ ಅಕ್ಷರ ಕಂಡು ಹೆದರಬೇಡಿರಿ. ಅಂಕಿ ಓದಲು ನಿಮಗೆ ಬರುತ್ತದೆ. ಅಂಕಿಯ ಪಕ್ಕದ ಅಕ್ಷರದ ಆಕಾರ ನೋಡಿರಿ.

230 ಎಂಬ ಅಂಕಿಯ ಪಕ್ಕ ಎರಡು ಗೀಟು ಕೆಳಗೆ ಕೂಡಿದ ಅಕ್ಷರ ಇರುತ್ತದೆ. ಅದು ವೋಲ್ಟ್. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್. ಎರಡೂ ಹೊಂದಬೇಕು.

ಅಂಥವೇ ಎರಡು ಅಕ್ಷರ ಜೋಡಿಸಿದ ಹಾಗೆ ಕಾಣುವುದು ವಾಟ್. 500, 600, 650 ಹೀಗೆ ಅಂಕಿ ಇರುತ್ತದೆ. ಇದು ಮಷಿನ್ನಿನ ಶಕ್ತಿ. ಮನೆಯ ಕೆಲಸಕ್ಕೆ 500ರಿಂದ 700 ವಾಟ್ ಸಾಕು. ಜಾಸ್ತಿ ವಾಟ್ ಇದ್ದರೆ ಸಾಮಾನ್ಯವಾಗಿ ಭಾರವೂ ಜಾಸ್ತಿ.

ಎರಡು ದಿಬ್ಬದ ಅಕ್ಷರ ಎರಡು ಸಲ ಬಂದರೆ ಮಿಲಿಮೀಟರ್. 10 ಅಥವಾ 13 ಎಂಬ ಅಂಕಿ ಇರುತ್ತದೆ. ಮಷಿನ್ನಿನ ಬಾಯಿಗೆ ಚಕ್ ಅನ್ನುತ್ತಾರೆ. ಎಷ್ಟು ದಪ್ಪದ ಬಿಟ್ ಆ ಬಾಯಿಗೆ ಹಿಡಿಯುತ್ತದೆ ಎಂದು ಈ ಅಂಕಿ ಹೇಳುತ್ತದೆ. 13 ಇದ್ದರೆ ದಪ್ಪ ಬಿಟ್ಟೂ ಹಿಡಿಯುತ್ತದೆ, ಸಣ್ಣ ಬಿಟ್ಟೂ ಹಿಡಿಯುತ್ತದೆ. ಅದು ಒಳ್ಳೆಯದು.

0 – 2800 ಎಂಬಂಥ ಅಂಕಿ ಇದ್ದರೆ ಅದು ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. 0 ಯಿಂದ ಶುರುವಾದರೆ ಸಾವಕಾಶ ನಡೆಸಬಹುದು. ಗುಂಡಿ ಸ್ವಲ್ಪ ಒತ್ತಿದರೆ ಸಾವಕಾಶ, ಜೋರಾಗಿ ಒತ್ತಿದರೆ ಜೋರು. ಹೊಸದಾಗಿ ಕಲಿಯುವವರಿಗೆ ಇಂಥದ್ದೇ ಬೇಕು.

ದೊಡ್ಡ ಚೌಕದೊಳಗೆ ಸಣ್ಣ ಚೌಕದ ಚಿತ್ರ ಇದೆಯೇ ನೋಡಿರಿ. ಇದ್ದರೆ, ಕರೆಂಟು ಮೈಗೆ ತಗುಲದಂತೆ ಎರಡು ಪದರ ತಡೆ ಹಾಕಿದ್ದಾರೆ ಎಂದು ಅರ್ಥ. ಅಂಥ ಮಷಿನ್ನಿಗೆ ಎರಡು ಕಾಲಿನ ಪ್ಲಗ್ ಇರುತ್ತದೆ. ಈ ಗುರುತು ಇಲ್ಲದ ಮಷಿನ್ನಿಗೆ ಮೂರು ಕಾಲಿನ ಪ್ಲಗ್ಗೂ, ಮನೆಯಲ್ಲಿ ಸರಿಯಾದ ಅರ್ಥಿಂಗೂ ಬೇಕೇ ಬೇಕು.

ಅಂಗಡಿಯಲ್ಲಿ ಏನು ನೋಡಬೇಕು?

ಪೆಟ್ಟಿಗೆ ನೋಡಿ ಕೊಳ್ಳಬೇಡಿರಿ. ಮಷಿನ್ ಹೊರಗೆ ತೆಗೆಸಿರಿ.

ಒಂದು: ಕೈಯಲ್ಲಿ ಹಿಡಿಯಿರಿ. ಎದೆಯ ಮಟ್ಟಕ್ಕೆ ಎತ್ತಿ ನಿಧಾನವಾಗಿ 20ರವರೆಗೆ ಎಣಿಸಿರಿ. ಕೈ ನಡುಗಿದರೆ ಅದು ನಿಮಗೆ ಭಾರ. ಇಂಥ ಮಷಿನ್ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ.

ಎರಡು: ಬದಿಗೆ ಸಿಕ್ಕಿಸುವ ಇನ್ನೊಂದು ಹಿಡಿಕೆ ಇದೆಯೇ ಕೇಳಿರಿ. ಬಿಟ್ ಸಿಕ್ಕಿಬಿದ್ದರೆ ಮಷಿನ್ ಗಕ್ಕನೆ ತಿರುಗಿ ಮಣಿಕಟ್ಟು ಉಳುಕುತ್ತದೆ. ಎರಡು ಕೈಯಲ್ಲಿ ಹಿಡಿದರೆ ತಡೆಯಬಹುದು.

ಮೂರು: ಮುಂದೆ ತಿರುಗಿಸುವ, ಹಿಂದೆ ತಿರುಗಿಸುವ ಗುಂಡಿ ಇದೆಯೇ ನೋಡಿರಿ. ಸಿಕ್ಕಿಬಿದ್ದ ಬಿಟ್ ಹೊರಗೆ ತೆಗೆಯಲು ಅದು ಬೇಕು.

ನಾಲ್ಕು: ತಂತಿ ಎಷ್ಟು ಉದ್ದ ಇದೆ ನೋಡಿರಿ. ತಂತಿ ಮಷಿನ್ನಿನೊಳಗೆ ಹೋಗುವ ಜಾಗದಲ್ಲಿ ದಪ್ಪ ರಬ್ಬರಿನ ಕೊಳವೆ ಇರಬೇಕು. ಅಲ್ಲಿ ತಂತಿ ಮುರಿಯುವುದು ಹೆಚ್ಚು.

ಐದು: ಅಂಗಡಿಯಲ್ಲಿಯೇ ನಡೆಸಿ ತೋರಿಸಲು ಹೇಳಿರಿ. ಸುಟ್ಟ ವಾಸನೆ ಬಂದರೆ ಬೇಡ ಅನ್ನಿರಿ.

ಆರು: ರಿಪೇರಿ ಎಲ್ಲಿ ಆಗುತ್ತದೆ ಕೇಳಿರಿ. ಗದಗಿನಲ್ಲಿಯೋ, ಹುಬ್ಬಳ್ಳಿಗೆ ಹೋಗಬೇಕೋ? ಒಳಗಿನ ಕಾರ್ಬನ್ ತುಂಡು ಸವೆಯುವ ಸಾಮಾನು. ಅದು ಬಿಡಿಯಾಗಿ ಸಿಗಬೇಕು.

ಬ್ಯಾಟರಿಯ ಡ್ರಿಲ್ ಕೂಡ ಇವೆ. ಅವಕ್ಕೆ ತಂತಿಯ ಕಾಟ ಇಲ್ಲ. ಆದರೆ ಬ್ಯಾಟರಿಗೆ ವಯಸ್ಸಾಗುತ್ತದೆ, ಹೊಸ ಬ್ಯಾಟರಿಗೆ ರೊಕ್ಕ ಬೇಕು. ವರ್ಷಕ್ಕೆ ನಾಲ್ಕೈದು ಸಲ ತೆಗೆಯುವ ಮನೆಗೆ ತಂತಿಯ ಮಷಿನ್ನೇ ಮೇಲು. ಕಪಾಟಿನಲ್ಲಿ ಬಹಳ ದಿನ ಇಟ್ಟರೂ, ತಂತಿ ಸರಿ ಇದೆಯೇ ನೋಡಿ ಮತ್ತೆ ನಡೆಸಬಹುದು.

ಬಿಟ್ ಮತ್ತು ಪ್ಲಾಸ್ಟಿಕ್ ಗೂಟ

ಮಷಿನ್ ಎತ್ತಾದರೆ ಬಿಟ್ ನೇಗಿಲು. ನೇಗಿಲು ಸರಿ ಇಲ್ಲದಿದ್ದರೆ ಎತ್ತು ಏನು ಮಾಡೀತು?

ಗೋಡೆಯ ಬಿಟ್ ಬೇರೆ. ಅದರ ತುದಿಯಲ್ಲಿ ಗಟ್ಟಿ ಲೋಹದ ತುಣುಕು ಬೆಸೆದಿರುತ್ತದೆ. ತುದಿ ಸ್ವಲ್ಪ ಅಗಲ ಇರುತ್ತದೆ. ಕಬ್ಬಿಣದ ಬಿಟ್ ಬೇರೆ. ಕಟ್ಟಿಗೆಯ ಬಿಟ್ಟಿಗೆ ನಡುವೆ ಚೂಪಾದ ಮುಳ್ಳು ಇರುತ್ತದೆ. ಗೋಡೆಗೆ ಕಬ್ಬಿಣದ ಬಿಟ್ ಹಾಕಿದರೆ ಬಿಟ್ ಹಾಳು. ಕಟ್ಟಿಗೆಗೆ, ಕಬ್ಬಿಣಕ್ಕೆ, ನುಣುಪು ಟೈಲ್ಸಿಗೆ ತೂತು ಹಾಕುವಾಗ ಸುತ್ತಿಗೆಯ ಗುಂಡಿ ಬಂದ್ ಇರಬೇಕು.

ಗೋಡೆಯ ತೂತಿನಲ್ಲಿ ನೇರ ಸ್ಕ್ರೂ ನಿಲ್ಲುವುದಿಲ್ಲ. ಮೊದಲು ಪ್ಲಾಸ್ಟಿಕ್ಕಿನ ಸಣ್ಣ ಗೂಟ ಕೂಡಿಸಬೇಕು. ಸ್ಕ್ರೂ ಒಳಗೆ ಹೋದಾಗ ಅದು ಉಬ್ಬಿ ಗೋಡೆಯನ್ನು ಹಿಡಿಯುತ್ತದೆ. 6 ಮಿಲಿಮೀಟರಿನ ಗೂಟಕ್ಕೆ 6ರ ಬಿಟ್. 8ರ ಗೂಟಕ್ಕೆ 8ರ ಬಿಟ್. ಅಂಕಿಗೆ ಅಂಕಿ ಹೊಂದಿಸಿರಿ. ಗೂಟದ ಉದ್ದಕ್ಕಿಂತ ತೂತು ಸ್ವಲ್ಪ ಆಳ ಇರಲಿ.

ಈಗ ಒಂದು ದೊಡ್ಡ ಮಾತು. ತೊಟ್ಟಿಲನ್ನು ಪ್ಲಾಸ್ಟಿಕ್ ಗೂಟಕ್ಕೆ ಎಂದೂ ಕಟ್ಟಬೇಡಿರಿ. ಹಲಗೆ ಗೋಡೆಗೆ ಆತು ನಿಲ್ಲುತ್ತದೆ. ತೊಟ್ಟಿಲು ಮೇಲಿನಿಂದ ಜೋತು ಬೀಳುತ್ತದೆ, ದಿನವಿಡೀ ತೂಗಾಡುತ್ತದೆ. ಪ್ಲಾಸ್ಟಿಕ್ ಗೂಟ ಒಂದು ದಿನ ಜಾರಿ ಬರುತ್ತದೆ. ಕೆಳಗೆ ಕೂಸು ಇರುತ್ತದೆ. ಸ್ಲ್ಯಾಬ್ ಹಾಕುವಾಗಲೇ ಸರಳಿಗೆ ಕಟ್ಟಿದ ಕಬ್ಬಿಣದ ಕೊಂಡಿ ಇದ್ದರೆ, ಅದು ತುಕ್ಕು ಹಿಡಿದಿಲ್ಲವೇ ಎಂದು ಗೌಂಡಿಗೆ ತೋರಿಸಿರಿ. ಇಲ್ಲದಿದ್ದರೆ ಕಾಲಿನ ಮೇಲೆ ನಿಲ್ಲುವ ತೊಟ್ಟಿಲು ತನ್ನಿರಿ.

ಜೀವ ಇದ್ದರೆ ಮನೆ

ಕರೆಂಟು ದೊಡ್ಡವರು ಸಣ್ಣವರು ನೋಡುವುದಿಲ್ಲ. ಈ ಮಾತುಗಳನ್ನು ಎರಡು ಸಲ ಓದಿರಿ.

ಪ್ಲಗ್ ಇಲ್ಲದೆ ಬರೀ ತಂತಿಯನ್ನು ಸಾಕೆಟ್ಟಿನಲ್ಲಿ ತುರುಕಿ, ಕಡ್ಡಿಪೆಟ್ಟಿಗೆಯ ಕಡ್ಡಿ ಸಿಕ್ಕಿಸುವ ರೂಢಿ ಹಲವು ಕಡೆ ಇದೆ. ಅದನ್ನು ಇವತ್ತೇ ಬಿಡಿರಿ.

ಕಾಲಲ್ಲಿ ಒಣ ಚಪ್ಪಲಿ ಇರಲಿ. ನೆಲ ಒಣಗಿರಲಿ. ಬಚ್ಚಲ ಗೋಡೆಗೆ ತೂತು ಹಾಕುವುದಿದ್ದರೆ ನೀರು ಪೂರ್ತಿ ಒಣಗಿದ ಮೇಲೆ ಹಾಕಿರಿ. ಹೊಳೆ ನೀರಿನಲ್ಲಿ ಮುಳುಗಿದ ಮಷಿನ್ ನಡೆಸಬೇಡಿರಿ.

ಸೆರಗು ಸೊಂಟಕ್ಕೆ ಸಿಕ್ಕಿಸಿರಿ. ಕೂದಲು ಗಂಟು ಕಟ್ಟಿರಿ. ಸಡಿಲ ಬಳೆ ತೆಗೆದಿಡಿರಿ. ತಿರುಗುವ ಬಿಟ್ಟಿಗೆ ಸೆರಗು ಸಿಕ್ಕರೆ ಕಣ್ಣು ಮಿಟುಕಿಸುವುದರೊಳಗೆ ಎಳೆದುಕೊಳ್ಳುತ್ತದೆ. ಬಟ್ಟೆಯ ಕೈಚೀಲವೂ ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಟ್ಟಿರಿ.

ಸ್ವಿಚ್ ಬೋರ್ಡಿನ ಮೇಲೆ, ಕೆಳಗೆ, ಎರಡು ಬದಿಗೆ ನೇರವಾಗಿ ತೂತು ಹಾಕಬೇಡಿರಿ. ಗೋಡೆಯೊಳಗೆ ತಂತಿ ಸಾಮಾನ್ಯವಾಗಿ ಹಾಗೆಯೇ ಹೋಗಿರುತ್ತದೆ. ನಲ್ಲಿಯ ಪೈಪಿನ ದಾರಿಯನ್ನೂ ನೋಡಿಕೊಳ್ಳಿರಿ.

ಬಿಟ್ ಬಿಗಿ ಮಾಡುವ ಚಾವಿಯನ್ನು ತೆಗೆದ ಮೇಲೆಯೇ ಸ್ವಿಚ್ ಹಾಕಿರಿ. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿಡಿರಿ. ಗುಂಡಿ ಒತ್ತಿದ ಹಾಗೆಯೇ ಹಿಡಿದಿಡುವ ಲಾಕ್ ಇರುತ್ತದೆ. ನಿಚ್ಚಣಿಕೆಯ ಮೇಲೆ ನಿಂತಾಗ ಆ ಲಾಕ್ ಹಾಕಬೇಡಿರಿ.

ಮನೆಯ ಮೀಟರಿನ ಹತ್ತಿರ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ ಬಹಳ ಒಳ್ಳೆಯದು. ಮೈಗೆ ಕರೆಂಟು ಹರಿದರೆ ಅದು ತಟ್ಟನೆ ಬಂದ್ ಮಾಡುತ್ತದೆ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿರಿ. ಮೊದಲು ಮೇನ್ ಸ್ವಿಚ್ ತೆಗೆಯಿರಿ. ಅದು ಆಗದಿದ್ದರೆ ಒಣ ಕಟ್ಟಿಗೆಯಿಂದ ತಂತಿ ದೂರ ಮಾಡಿರಿ. 108ಕ್ಕೆ ಫೋನ್ ಮಾಡಿರಿ.

ಪಾವತಿ ಬಿಡಬೇಡಿರಿ

ನಮ್ಮದೇ ಒಂದು ತಪ್ಪು ಹೇಳುತ್ತೇವೆ. ನಾವೂ ಒಮ್ಮೆ ಒಂದು ಅಂಗಡಿಯಲ್ಲಿ ಇಂಥ ಮಷಿನ್ ಕೊಂಡೆವು. "ಪಾವತಿ ಬ್ಯಾಡಂದ್ರ ಕಡಿಮಿ ಮಾಡತೀನಿ" ಅಂದರು. ಆಸೆಗೆ ಬಿದ್ದು ಹೂಂ ಅಂದೆವು. ಹದಿನೈದು ದಿನಕ್ಕೆ ಮಷಿನ್ನಿನಿಂದ ಹೊಗೆ ಬಂತು. ತಿರುಗಿ ಹೋದರೆ, "ನಮ್ಮಲ್ಲೇ ತಗೊಂಡಿದ್ದಕ್ಕ ಗುರ್ತು ಏನೈತಿ?" ಎಂದು ಕೇಳಿದರು. ನಮ್ಮ ಬಾಯಿ ಕಟ್ಟಿತು. ಮಕ್ಕಳಿಗೆ ಅಕ್ಷರ ಕಲಿಸುವವರು ನಾವು, ಒಂದು ಚೀಟಿ ಬರೆಸಿಕೊಳ್ಳಲಿಲ್ಲ!

ನೀವು ಹಾಗೆ ಮಾಡಬೇಡಿರಿ. ಪಾವತಿ ಕೇಳಿ ತೆಗೆದುಕೊಳ್ಳಿರಿ. ಅದರಲ್ಲಿ ತಾರೀಖು, ಅಂಗಡಿಯ ಹೆಸರು, ಮಷಿನ್ನಿನ ನಂಬರು, ಕಿಮ್ಮತ್ತು ಇರಬೇಕು. ಗ್ಯಾರಂಟಿ ಕಾರ್ಡಿನ ಮೇಲೆ ಅಂಗಡಿಯ ಮುದ್ರೆ ಹಾಕಿಸಿರಿ. ಪೆಟ್ಟಿಗೆಯ ಮೇಲೆ ಎಂ.ಆರ್.ಪಿ. ಎಂದು ಬೆಲೆ ಇರುತ್ತದೆ. ಅದರಲ್ಲಿ ಎಲ್ಲಾ ತೆರಿಗೆ ಸೇರಿದೆ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ. ಕಡಿಮೆಗೆ ಕೇಳಬಹುದು.

ಸಾಮಾನು ಕೆಟ್ಟದ್ದು ಕೊಟ್ಟರೆ, ಬದಲಿ ಕೊಡದಿದ್ದರೆ, 1915ಕ್ಕೆ ಫೋನ್ ಮಾಡಿರಿ. ಅದು ಗ್ರಾಹಕರ ಸಹಾಯದ ನಂಬರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು. 5 ಲಕ್ಷ ರೂಪಾಯಿಯವರೆಗಿನ ಸಾಮಾನಿಗೆ ಶುಲ್ಕ ಇಲ್ಲ. ಆದರೆ ಕೈಯಲ್ಲಿ ಪಾವತಿ ಬೇಕು.

ಕೊಳ್ಳಬೇಕೋ, ಬೇಡವೋ?

ಒಂದೆರಡು ತೂತು ಬೇಕಾದರೆ ಮಷಿನ್ ಯಾಕೆ? ಮಷಿನ್ ಇರುವ ಗೌಂಡಿಯನ್ನು ಕರೆಸಿರಿ. ಅಥವಾ ಬಾಡಿಗೆಗೆ ತನ್ನಿರಿ.

ಸಂಘದವರು ಸೇರಿ ಕೊಂಡರೆ ಭಾರ ಹಗುರ. ಲೆಕ್ಕಕ್ಕೆ ಮಷಿನ್ನಿನ ಕಿಮ್ಮತ್ತು 2,400 ರೂಪಾಯಿ ಅನ್ನೋಣ. 8 ಮಂದಿ ಸೇರಿದರೆ ಒಬ್ಬರಿಗೆ 300 ರೂಪಾಯಿ. ಒಂದು ವಹಿ ಇಡಬೇಕು. ಯಾರು ಒಯ್ದರು, ಯಾವ ತಾರೀಖು, ಯಾವಾಗ ತಂದರು, ತಂತಿ ಸರಿ ಇತ್ತೇ, ಎಲ್ಲಾ ಬರೆಯಬೇಕು. ಬರೆದಿಟ್ಟರೆ ಜಗಳ ಇಲ್ಲ.

ಕರೆಂಟಿನ ಖರ್ಚು ಬಹಳ ಕಡಿಮೆ. 600 ವಾಟಿನ ಮಷಿನ್ ಪೂರ್ತಿ ಒಂದು ತಾಸು ನಡೆದರೆ 0.6 ಯೂನಿಟ್. ಹತ್ತು ತೂತಿಗೆ ಹತ್ತು ನಿಮಿಷ ಹಿಡಿದರೆ 0.1 ಯೂನಿಟ್ ಮಾತ್ರ.

ಮೂವರೂ ಏನು ಮಾಡಿದರು?

ನರಗುಂದದ ಅವ್ವ ಮಷಿನ್ ಕೊಳ್ಳಲಿಲ್ಲ. "ನಮ್ಮ ಹಿರೇರು ಗ್ವಾಡಿ ಕಟ್ಟುವಾಗನ ಗೂಟಾ, ಮಾಡಾ ಇಟ್ಟಿದ್ರು. ಅವ್ರಿಗೆ ಗೊತ್ತಿತ್ತು" ಅಂದಳು. ನೆಲದ ಮೇಲೆ ನಿಲ್ಲುವ ಕಟ್ಟಿಗೆಯ ಹಲಗೆ ಮಾಡಿಸಿದಳು. ಗೋಡೆಗೆ ಭಾರ ಇಲ್ಲ. ಮಗನ ರೊಕ್ಕವೂ ಉಳಿಯಿತು.

ಗಜೇಂದ್ರಗಡದ ತಂಗಿ ಗೋಡೆಯ ಕಲ್ಲನ್ನು ಗೌಂಡಿಗೆ ತೋರಿಸಿದಳು. ಕಲ್ಲು ಗಟ್ಟಿ ಇತ್ತು. ಎರಡೇ ತೂತು ಬೇಕಿತ್ತು. ಗೌಂಡಿ ದೊಡ್ಡ ಮಷಿನ್ ತಂದು ಹಾಕಿಕೊಟ್ಟ. ಈಗ ಮಗ್ಗದ ಮೇಲೆ ಲೈಟ್ ಇದೆ. ಎಳೆ ಕಾಣುತ್ತದೆ.

ರೋಣದ ಅಕ್ಕನ ಸಂಘದವರು ಎಂಟು ಮಂದಿ ಸೇರಿ 600 ವಾಟ್, 13 ಮಿಲಿಮೀಟರಿನ ಮಷಿನ್ ಕೊಂಡರು. ಅಂಗಡಿಯಲ್ಲಿ ಅಕ್ಕ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಓದಿದಳು. "ಅಣ್ಣಾರ, ಪಾವತಿಯೊಳಗ ನಂಬರ್ ಬರೀರಿ" ಅಂದಳು. ಅಂಗಡಿಯವರು ಬರೆದುಕೊಟ್ಟರು. ಅಕ್ಕ ಮನೆಯಲ್ಲಿ ನಾಲ್ಕು ತೂತು ಹಾಕಿ ಹಲಗೆ ಕೂಡಿಸಿದಳು. ಮೊದಲ ತೂತಿನಿಂದ ಕೆಂಪು ಪುಡಿ ಉದುರಿತು. "ಇಟ್ಟಂಗಿ ಬಂತ್ರೀ!" ಎಂದು ನಕ್ಕಳು.

ತೊಟ್ಟಿಲು? ಮನೆಯ ಸ್ಲ್ಯಾಬಿನಲ್ಲಿ ಹಳೆಯ ಕೊಂಡಿ ಇತ್ತು. ಗೌಂಡಿ ನೋಡಿ, ತುಕ್ಕು ತಿಂದಿದೆ, ಬೇಡ ಅಂದ. ಅಕ್ಕ ಕಾಲಿನ ತೊಟ್ಟಿಲು ತಂದಳು. ಕೂಸು ಅದರಲ್ಲಿ ನಿಶ್ಚಿಂತೆಯಿಂದ ಮಲಗಿದೆ.

ಒಂದೇ ಪ್ರಶ್ನೆ. ಮೂರು ಗೋಡೆ. ಮೂರು ಉತ್ತರ.

ನೆನಪಿಡಿರಿ

ಗೋಡೆ ನೋಡಿ ಮಷಿನ್ ಆರಿಸಿರಿ.
ಮನೆಗೆ 500ರಿಂದ 700 ವಾಟ್, 13 ಮಿಲಿಮೀಟರ್ ಚಕ್ ಸಾಕು.
ಎರಡನೇ ಹಿಡಿಕೆ ಇರಲಿ. ಸಾವಕಾಶ ನಡೆಸುವ ಗುಂಡಿ ಇರಲಿ.
ಸೆರಗು ಸಿಕ್ಕಿಸಿರಿ. ಚಪ್ಪಲಿ ಹಾಕಿರಿ.
ಪಾವತಿ ಇಲ್ಲದೆ ರೊಕ್ಕ ಕೊಡಬೇಡಿರಿ.

ಓದಿ ಉತ್ತರ ಹೇಳಿರಿ

1. ಕೆಂಪು ಪುಡಿ ಬಂದರೆ ಗೋಡೆ ಯಾವುದು?
2. ಮಣ್ಣಿನ ಗೋಡೆಗೆ ಕುಟ್ಟುವ ಮಷಿನ್ ಯಾಕೆ ಬೇಡ?
3. ತೊಟ್ಟಿಲನ್ನು ಪ್ಲಾಸ್ಟಿಕ್ ಗೂಟಕ್ಕೆ ಯಾಕೆ ಕಟ್ಟಬಾರದು?
4. ಗ್ರಾಹಕರ ಸಹಾಯದ ನಂಬರು ಯಾವುದು?

ಲೆಕ್ಕ ಮಾಡಿರಿ

1. ಮಷಿನ್ನಿಗೆ 2,800 ರೂಪಾಯಿ. ಸಂಘದಲ್ಲಿ 10 ಮಂದಿ. ಒಬ್ಬರಿಗೆ ಎಷ್ಟು?
2. 600 ವಾಟಿನ ಮಷಿನ್ ಅರ್ಧ ತಾಸು ನಡೆದರೆ ಎಷ್ಟು ಯೂನಿಟ್?

ಮಾಡಿ ನೋಡಿರಿ

ನಿಮ್ಮ ಮನೆಯ ಮಿಕ್ಸರ್, ಫ್ಯಾನ್ ಅಥವಾ ಇಸ್ತ್ರಿ ಪೆಟ್ಟಿಗೆ ತೆಗೆದುಕೊಳ್ಳಿರಿ. ಪ್ಲಗ್ ಕಿತ್ತಿಡಿರಿ. ಅದರ ಮೇಲಿನ ಪಟ್ಟಿ ಓದಿರಿ. ವೋಲ್ಟ್ ಎಷ್ಟು, ವಾಟ್ ಎಷ್ಟು ಎಂದು ನಿಮ್ಮ ವಹಿಯಲ್ಲಿ ಬರೆಯಿರಿ. ನಾಳೆ ಕೂಟದಲ್ಲಿ ಎಲ್ಲರೂ ಓದಿ ಹೇಳೋಣ.